ಹಳೆಯ ಲೆನ್ಸಿನ ಫಂಗಸ್ ಮತ್ತು ಇತರ ದೋಷಗಳು: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು

ಕರಾವಳಿಯಲ್ಲೋ ಮಲೆನಾಡಿನಲ್ಲೋ ನಾಲ್ಕಾರು ಮಳೆಗಾಲ ಕಂಡ ಕ್ಯಾಮೆರಾ ಲೆನ್ಸನ್ನು ಕೊಳ್ಳಲು ಹೊರಟವರು ಬೆಲೆ ವಿಚಾರಿಸುವುದಕ್ಕೆ ಮೊದಲು ಜೇಬಿನಿಂದ ಟಾರ್ಚ್ ಹೊರತೆಗೆಯುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಕಾರವಾರ, ಆಗುಂಬೆ, ಮಡಿಕೇರಿಯಂಥ ಊರುಗಳಲ್ಲಿ ಮನೆಯೊಳಗಿನ ಗಾಳಿ ಎಷ್ಟು ಒದ್ದೆಯಾಗಿರುತ್ತದೆಂದರೆ, ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಹದಿನೈದು ದಿನಗಳಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಅಂಥದೇ ಬೂಷ್ಟು ಪಕ್ಕದಲ್ಲಿರುವ ಲೆನ್ಸಿನ ಗಾಜಿನ ಮೇಲೂ ಬೆಳೆಯುತ್ತದೆ. ಛಾಯಾಗ್ರಾಹಕರೆಲ್ಲ ಅದನ್ನು ಫಂಗಸ್ ಎಂದೇ ಕರೆಯುವುದರಿಂದ ಇಲ್ಲಿಯೂ ಆ ಹೆಸರನ್ನೇ ಬಳಸಿದ್ದೇನೆ. ಸೆಕೆಂಡ್ ಹ್ಯಾಂಡ್ ವ್ಯವಹಾರದಲ್ಲಿ ಈ ಒಂದು ಪದ ಕಿವಿಗೆ ಬಿದ್ದರೆ ಸಾಕು, ಕೊಳ್ಳಲು ಬಂದವರು ಎದ್ದು ಹೋಗುತ್ತಾರೆ. ಆ ಭಯಕ್ಕೇ ಮಾರುವವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಫಂಗಸ್ ಎಂಬುದು ಒಂದೇ ಬಗೆಯ ದೋಷವಲ್ಲ. ಅದು ಯಾವ ಗಾಜಿನ ಮೇಲಿದೆ, ಎಷ್ಟು ಕಾಲದಿಂದ ಇದೆ, ಅಲ್ಲಿಗೆ ಕೈ ತಲುಪುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಲೆನ್ಸನ್ನು ಕೊಳ್ಳಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಸಾಧ್ಯ. ಯಾರೂ ಹೆಸರೆತ್ತದ ಕೆಲವು ದೋಷಗಳು ಫಂಗಸ್‌ಗಿಂತ ಹೆಚ್ಚು ಹಾನಿ ಮಾಡುತ್ತವೆ ಎಂಬುದೂ ನೆನಪಿರಬೇಕು.

ಬೈರಾಸಿನ ಮೇಲೆ ನಾಲ್ಕು ಲೆನ್ಸುಗಳು

ಕಳೆದ ಆಗಸ್ಟಿನಲ್ಲಿ ಉಡುಪಿಯ ಸಮೀಪದ ಒಂದು ಮನೆಯಲ್ಲಿ, ಸ್ಟುಡಿಯೊ ಮುಚ್ಚಿ ಹಲವು ವರ್ಷಗಳಾಗಿದ್ದ ಹಿರಿಯರೊಬ್ಬರು ಊಟದ ಮೇಜಿನ ಮೇಲೆ ಬೈರಾಸು ಹಾಸಿ ನಾಲ್ಕು ಲೆನ್ಸುಗಳನ್ನು ಸಾಲಾಗಿ ಇಟ್ಟರು. ಒಂದು ನಿಕಾನ್‌ನ 50 ಮಿ.ಮೀ. ಎಫ್/1.8ಡಿ, ಅದರ ಮುಂದಿನ ಗಾಜಿನಲ್ಲಿ ಉಗುರಿನಷ್ಟು ಉದ್ದದ ಗೀರು ಬರಿಗಣ್ಣಿಗೇ ಕಾಣುತ್ತಿತ್ತು. ಎರಡನೆಯದು ಪೆಂಟಾಕ್ಸ್‌ನ ಸೂಪರ್ ಟಕುಮಾರ್ 50 ಮಿ.ಮೀ. ಎಫ್/1.4, ಅದರೊಳಗೆ ಅಂಚಿನಿಂದ ಹೊರಟ ಬಿಳಿ ಎಳೆಗಳು, ಜೊತೆಗೆ ಇಡೀ ಗಾಜಿಗೆ ತೆಳುವಾದ ಚಹಾದ ಬಣ್ಣ. ಮೂರನೆಯದು ಸೋವಿಯತ್ ಕಾಲದ ಹೀಲಿಯೋಸ್ 44-2, 58 ಮಿ.ಮೀ. ಎಫ್/2 ಲೆನ್ಸಾದ ಇದರ ಎಂಟು ಅಪರ್ಚರ್ ಬ್ಲೇಡುಗಳು (ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಎಲೆಗಳು) ಎಣ್ಣೆಯಲ್ಲಿ ಮಿಂದಂತೆ ಹೊಳೆಯುತ್ತಿದ್ದವು. ನಾಲ್ಕನೆಯದು ನಿಕಾನ್‌ನ 35-70 ಮಿ.ಮೀ. ಎಫ್/2.8ಡಿ, ಹೊರಮೈಯಲ್ಲಿ ಒಂದು ತರಚೂ ಇಲ್ಲ, ಗಾಜು ತೊಳೆದಿಟ್ಟಂತೆ ಇತ್ತು. “ಫಂಗಸ್ ಇರುವುದು ಈ ಪೆಂಟಾಕ್ಸಿಗೆ ಮಾತ್ರ ಮಾರಾಯ್ರೆ, ಬಾಕಿದೆಲ್ಲ ಕ್ಲೀನ್ ಉಂಟು,” ಎಂದರು ಅವರು, ಪ್ರಾಮಾಣಿಕವಾಗಿಯೇ. ಎಲ್ಲಕ್ಕಿಂತ ಹೆಚ್ಚಿನ ಬೆಲೆ ಹೇಳಿದ್ದು ನಾಲ್ಕನೆಯದಕ್ಕೆ.

ನಾನು ಬಿಟ್ಟು ಬಂದದ್ದು ಆ ನಾಲ್ಕನೆಯದನ್ನೇ. ಅದರ ಹಿಂಬದಿಯಿಂದ ಟಾರ್ಚ್ ಹಿಡಿದಾಗ ಒಳಗಿನ ಒಂದು ಗಾಜಿನ ಮೇಲೆ, ಕನ್ನಡಿಗೆ ಉಸಿರು ಬಿಟ್ಟಾಗ ಮೂಡುವಂಥ ಸಮನಾದ ಮಸುಕು ಕಾಣಿಸಿತು. ಆ ಮಾದರಿಗೆ ಈ ಕಾಯಿಲೆ ಹೊಸದಲ್ಲ. ಹಳೆಯ ನಿಕಾನ್ ಲೆನ್ಸುಗಳನ್ನು ಬಲ್ಲವರು 35-70 ಎಂದೊಡನೆ ಒಳಗಿನ ಮಸುಕನ್ನೇ ಮೊದಲು ಹುಡುಕುತ್ತಾರೆ. ಎಳೆಗಳಿಲ್ಲ, ಚುಕ್ಕೆಗಳಿಲ್ಲ, ಆದ್ದರಿಂದ ಸಾಮಾನ್ಯ ಬೆಳಕಿನಲ್ಲಿ ಏನೂ ತೋರುವುದಿಲ್ಲ. ಆದರೆ ಕಿಟಕಿಗೆ ಬೆನ್ನು ಮಾಡಿ ನಿಂತವರ ಚಿತ್ರ ತೆಗೆದರೆ ಕಪ್ಪು ಕೂದಲು ಬೂದಿಬಣ್ಣಕ್ಕೆ ತಿರುಗುತ್ತದೆ.

ಟಾರ್ಚ್ ಹಿಡಿಯುವ ಬಗೆ

ಟಾರ್ಚನ್ನು ಲೆನ್ಸಿನ ಹಿಂಬದಿಯಿಂದ ಸ್ವಲ್ಪ ಓರೆಯಾಗಿ ಹಿಡಿದು, ಕಣ್ಣನ್ನು ನೇರ ಬೆಳಕಿನಿಂದ ತಪ್ಪಿಸಿ ಮುಂಬದಿಯಿಂದ ನೋಡಬೇಕು. ಆಮೇಲೆ ದಿಕ್ಕು ಬದಲಿಸಿ ಇನ್ನೊಮ್ಮೆ ನೋಡಬೇಕು. ಕೋಣೆ ಕತ್ತಲಾಗಿದ್ದಷ್ಟೂ ಒಳ್ಳೆಯದು. ಮುಖ್ಯವಾಗಿ ಅಪರ್ಚರ್ ಪೂರ್ತಿ ತೆರೆದಿರಬೇಕು, ಏಕೆಂದರೆ ಫಂಗಸ್ ಬಹುತೇಕ ಅಂಚಿನಿಂದಲೇ ಆರಂಭವಾಗುತ್ತದೆ ಮತ್ತು ಮುಚ್ಚಿದ ಬ್ಲೇಡುಗಳು ಆ ಅಂಚನ್ನೇ ಮರೆಮಾಡುತ್ತವೆ. ಕ್ಯಾನನ್‌ನ ಇಎಫ್ ಲೆನ್ಸುಗಳು ಕ್ಯಾಮೆರಾದಿಂದ ಬಿಚ್ಚಿದಾಗ ತೆರೆದೇ ಇರುತ್ತವೆ. ನಿಕಾನ್‌ನ ಜಿ ಸರಣಿಯ ಲೆನ್ಸುಗಳು ಹಾಗಲ್ಲ; ಬಿಚ್ಚಿದಾಗ ಮುಚ್ಚಿಕೊಂಡಿರುವುದರಿಂದ ಕ್ಯಾಮೆರಾಕ್ಕೆ ಕೂಡುವ ಮೌಂಟಿನ ಒಳಗಿರುವ ಪುಟ್ಟ ಲಿವರನ್ನು ಬೆರಳಿನಿಂದ ತಳ್ಳಿ ಹಿಡಿಯಬೇಕು. ಹಳೆಯ ಡಿ ಸರಣಿಯಲ್ಲಿ ಅಪರ್ಚರ್ ರಿಂಗನ್ನು ಅತಿ ಸಣ್ಣ ಸಂಖ್ಯೆಗೆ ತಿರುಗಿಸಿದರೆ ಸಾಕು. ಜೂಮ್ ಲೆನ್ಸಾದರೆ ಎರಡೂ ತುದಿಗಳಲ್ಲಿ ಇಟ್ಟು ನೋಡಬೇಕು.

ಟಾರ್ಚಿನ ಬೆಳಕಿನಲ್ಲಿ ಧೂಳು ಬಿಡಿಬಿಡಿಯಾದ ಹೊಳೆಯುವ ಕಣಗಳಾಗಿ ಕಾಣುತ್ತದೆ. ಫಂಗಸ್ ಎಳೆ ಎಳೆಯಾಗಿ ಕವಲೊಡೆಯುತ್ತದೆ. ಕೆಲವೊಮ್ಮೆ ಮಂಜಿನ ಹರಳಿನಂತೆ ಒಂದು ಬಿಂದುವಿನಿಂದ ಸುತ್ತಲೂ ಹರಡಿರುತ್ತದೆ. ಅಂಟಿಸಿದ ಎರಡು ಗಾಜುಗಳು ಬಿಟ್ಟುಕೊಂಡಿದ್ದರೆ ಅಂಚಿನಲ್ಲಿ ಎಣ್ಣೆ ಬಿದ್ದ ನೀರಿನ ಮೇಲಿನಂಥ ಕಾಮನಬಿಲ್ಲಿನ ಬಣ್ಣವೋ ಬೆಳ್ಳಿಯಂಥ ಹೊಳಪೋ ಕಾಣಿಸುತ್ತದೆ. ಹಳೆಯ ಶ್ನೈಡರ್ ಲೆನ್ಸುಗಳಲ್ಲಿ ಗಾಜಿನ ಅಂಚಿಗೆ ಬಳಿದ ಕಪ್ಪು ಬಣ್ಣ ಎದ್ದು ಬಿಳಿ ಚುಕ್ಕೆಗಳ ಸಾಲು ಮೂಡಿರುವುದುಂಟು. ಅದು ನೋಡಲು ಭಯ ಹುಟ್ಟಿಸಿದರೂ ಚಿತ್ರಕ್ಕೆ ಬಾಧಕವಲ್ಲ, ಬೆಲೆ ಇಳಿಸಿಕೊಳ್ಳಲು ಒಳ್ಳೆಯ ನೆಪ ಮಾತ್ರ.

ಇಲ್ಲೊಂದು ಎಚ್ಚರಿಕೆ ಬೇಕು. ಪ್ರಖರವಾದ ಎಲ್ಇಡಿ ಟಾರ್ಚಿನ ಎದುರು ಹೊಸ ಲೆನ್ಸು ಕೂಡ ರೋಗಿಷ್ಟನಂತೆ ಕಾಣುತ್ತದೆ. ಆದ್ದರಿಂದ ಕಂಡ ದೋಷಕ್ಕೆ ತೂಕ ಕಟ್ಟಲು ಎರಡು ಮೂರು ಚಿತ್ರಗಳನ್ನು ತೆಗೆಯಲೇಬೇಕು. ಕತ್ತಲ ಕೋಣೆಯಲ್ಲಿ ಒಂದು ಸಣ್ಣ ದೀಪವನ್ನು ಚೌಕಟ್ಟಿನ ಮೂಲೆಗೆ ತಂದು ತೆಗೆದ ಚಿತ್ರದಲ್ಲಿ ದೀಪದ ಸುತ್ತ ದೊಡ್ಡ ಪ್ರಭಾವಳಿ ಬಂದು ಇಡೀ ಚಿತ್ರ ಬೆಳ್ಳಗಾದರೆ ಒಳಗೆ ಮಸುಕಿದೆ. ಎಫ್/16ರಲ್ಲಿ, ಅಂದರೆ ಅಪರ್ಚರನ್ನು ಬಹಳ ಕಿರಿದಾಗಿಸಿ, ಬಿಳಿ ಗೋಡೆಯನ್ನೋ ಮೋಡದ ಆಕಾಶವನ್ನೋ ತೆಗೆದು ನೋಡಿದರೆ ಹಿಂದಿನ ಗಾಜಿನ ದೊಡ್ಡ ಕಲೆಗಳು ನೆರಳಾಗಿ ಮೂಡುತ್ತವೆ. ಆದರೆ ಕ್ಯಾಮೆರಾದ ಸೆನ್ಸರಿನ ಮೇಲಿನ ಧೂಳೂ ಹಾಗೆಯೇ ಮೂಡುವುದರಿಂದ ಬೇರೊಂದು ಲೆನ್ಸ್ ಹಾಕಿ ಅದೇ ಚಿತ್ರವನ್ನು ತೆಗೆದು ಹೋಲಿಸಿಕೊಳ್ಳಬೇಕು.

ಫಂಗಸ್‌ನ ಲೆಕ್ಕಾಚಾರ

ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ಪ್ರತಿ ಲೆನ್ಸಿನೊಳಗೂ ಇವೆ. ಗಾಳಿಯ ತೇವಾಂಶ ಶೇ 60-65ನ್ನು ದಾಟಿ ದಿನಗಟ್ಟಲೆ ಅಲ್ಲಿಯೇ ನಿಂತಾಗ, ಕತ್ತಲು ಮತ್ತು ನಿಶ್ಚಲವಾದ ಗಾಳಿಯೂ ಸೇರಿದಾಗ ಅವು ಮೊಳೆಯುತ್ತವೆ. ಅವುಗಳಿಗೆ ಆಹಾರ ಗಾಜಲ್ಲ; ಗಾಜಿನ ಮೇಲೆ ಕುಳಿತ ಧೂಳು, ಬೆರಳಿನ ಜಿಡ್ಡು, ಫೋಕಸ್ ರಿಂಗಿನ ಗ್ರೀಸಿನಿಂದ ಎದ್ದು ಬಂದ ಎಣ್ಣೆಯ ತೆಳುಪದರ. ಆದರೆ ತಿನ್ನುವಾಗ ಅವು ಸ್ರವಿಸುವ ಆಮ್ಲಗಳು ಮೊದಲು ಗಾಜಿನ ಮೇಲಿನ ಲೇಪನವನ್ನು, ಆಮೇಲೆ ಗಾಜನ್ನೇ ಕೊರೆಯುತ್ತವೆ. ಶುಚಿ ಮಾಡುವುದರಿಂದ ಬೂಷ್ಟು ಹೋಗುತ್ತದೆ. ಕೊರೆದ ಗುರುತು ಹೋಗುವುದಿಲ್ಲ. ಹೀಗಾಗಿ ಫಂಗಸ್ ಎಷ್ಟು ಹರಡಿದೆ ಎಂಬುದಕ್ಕಿಂತ ಎಷ್ಟು ಕಾಲ ಕುಳಿತಿದೆ ಎಂಬುದು ದೊಡ್ಡ ಪ್ರಶ್ನೆ.

ಅದನ್ನು ತಿಳಿಯಲು ಟಾರ್ಚಿಗಿಂತ ಟ್ಯೂಬ್‌ಲೈಟ್ ಒಳ್ಳೆಯದು. ಲೆನ್ಸನ್ನು ಓರೆ ಮಾಡಿ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಒಂದೊಂದು ಗಾಜಿನ ಮೇಲೂ ಹಾಯಿಸಿ ನೋಡಿದರೆ, ಆರೋಗ್ಯವಾಗಿರುವ ಲೇಪನ ನೇರಳೆಯೋ ಹಸಿರೋ ಜೇನಿನ ಬಣ್ಣವೋ ಯಾವುದಾದರೊಂದು ಬಣ್ಣವನ್ನು ಸಮನಾಗಿ ಹಿಂದಿರುಗಿಸುತ್ತದೆ. ಎಳೆಗಳ ಜಾಡಿನಲ್ಲಿ ಆ ಬಣ್ಣ ತಪ್ಪಿ ಬಿಳಿಯಾಗಿ ಹೊಳೆದರೆ ಆಮ್ಲ ಅಲ್ಲಿ ತನ್ನ ಕೆಲಸ ಮುಗಿಸಿದೆ ಎಂದು ತಿಳಿಯಬೇಕು. ಬೈರಾಸಿನ ಮೇಲಿದ್ದ ಟಕುಮಾರಿನಲ್ಲಿ ಎಳೆಗಳು ಗಾಜಿನ ಅಂಚಿನಿಂದ ಮೂರ್ನಾಲ್ಕು ಮಿಲಿಮೀಟರ್ ಮಾತ್ರ ಒಳಬಂದಿದ್ದವು, ಜೇನುಬಣ್ಣದ ಪ್ರತಿಬಿಂಬ ಎಲ್ಲಿಯೂ ಕಡಿದಿರಲಿಲ್ಲ. ಅಂಥದನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಕೊಳ್ಳುತ್ತೇನೆ.

ಜಾಗದ ವಿಷಯಕ್ಕೆ ಬಂದರೆ, ಮುಂದಿನ ಅಥವಾ ಹಿಂದಿನ ಹೊರಮೈಯ ಫಂಗಸ್‌ಗೆ ಲೆನ್ಸನ್ನು ಬಿಚ್ಚುವ ಅಗತ್ಯವೇ ಇಲ್ಲ. ಮುಂದಿನ ಗಾಜಿನ ಒಳಮೈಯಲ್ಲಿದ್ದರೆ ಹಳೆಯ ಲೋಹದ ಲೆನ್ಸುಗಳಲ್ಲಿ ಅರ್ಧ ಗಂಟೆಯ ಕೆಲಸ. ಅಪರ್ಚರಿನ ಅಕ್ಕಪಕ್ಕದ ಗಾಜುಗಳಲ್ಲಿದ್ದರೆ ಅದು ಚಿತ್ರದ ಎಲ್ಲ ಭಾಗಕ್ಕೂ ಸಮನಾಗಿ ಹಂಚಿಹೋಗಿ ಕಾಂಟ್ರಾಸ್ಟನ್ನು, ಅಂದರೆ ಕಪ್ಪು ಬಿಳುಪಿನ ಅಂತರವನ್ನು, ಕುಗ್ಗಿಸುತ್ತದೆ. ಬಿಚ್ಚುವುದು ಸ್ವಲ್ಪ ಕಷ್ಟ, ಆದರೆ ಸಾಧ್ಯ. ಅಂಟಿಸಿದ ಎರಡು ಗಾಜುಗಳ ನಡುವೆ ಬೆಳೆದಿದ್ದರೆ ಅದನ್ನು ತೆಗೆಯಲು ಅಂಟನ್ನೇ ಬಿಡಿಸಿ, ಗಾಜುಗಳನ್ನು ಮತ್ತೆ ಒಂದೇ ಅಕ್ಷದಲ್ಲಿ ಕೂರಿಸಿ ಅಂಟಿಸಬೇಕಾಗುತ್ತದೆ. ಸಾಧಾರಣ ಬೆಲೆಯ ಯಾವ ಲೆನ್ಸಿಗೂ ಆ ಖರ್ಚು ಒಪ್ಪುವುದಿಲ್ಲ, ಹಾಗಾಗಿ ಅದನ್ನು ಕಂಡೊಡನೆ ಕೈಬಿಡಬೇಕು.

ಫಂಗಸ್ ಹಿಡಿದ ಲೆನ್ಸನ್ನು ಮನೆಗೆ ತಂದರೆ ಉಳಿದವಕ್ಕೂ ಅಂಟುತ್ತದೆ ಎಂಬ ನಂಬಿಕೆ ಬಹಳ ಬಲವಾಗಿದೆ. ಒಣಗಿದ ವಾತಾವರಣದಲ್ಲಿ ಅದು ಹರಡುವುದಿಲ್ಲ. ಒದ್ದೆಯ ವಾತಾವರಣದಲ್ಲಿ ಯಾರ ಸಹಾಯವೂ ಇಲ್ಲದೆ ಎಲ್ಲದಕ್ಕೂ ಬರುತ್ತದೆ. ಹೀಗೆಂದು ಗೊತ್ತಿದ್ದೂ ನಾನು ಹೊಸದಾಗಿ ತಂದದ್ದನ್ನು ಶುಚಿ ಮಾಡುವವರೆಗೆ ಬೇರೆ ಡಬ್ಬದಲ್ಲಿಯೇ ಇಡುತ್ತೇನೆ. ಅದು ವಿಜ್ಞಾನವಲ್ಲ, ಮಡಿ.

ಟಕುಮಾರಿನ ಚಹಾಬಣ್ಣಕ್ಕೂ ಫಂಗಸ್‌ಗೂ ಸಂಬಂಧವಿಲ್ಲ. ಆ ಕಾಲದ ಕೆಲವು ಲೆನ್ಸುಗಳಲ್ಲಿ ಬೆಳಕನ್ನು ಹೆಚ್ಚು ಬಾಗಿಸುವ ಗಾಜಿಗೆ ಥೋರಿಯಂ ಬೆರೆಸುತ್ತಿದ್ದರು. ಅದರ ಕ್ಷೀಣ ವಿಕಿರಣದಿಂದಲೇ ಗಾಜು ವರ್ಷಗಳು ಕಳೆದಂತೆ ಹಳದಿಯಾಗುತ್ತದೆ. ನೇರಳಾತೀತ ದೀಪದ ಕೆಳಗೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಇಟ್ಟರೆ ಬಣ್ಣ ಬಹುಮಟ್ಟಿಗೆ ಇಳಿಯುತ್ತದೆ. ಬಿಸಿಲಿಗಿಟ್ಟರೂ ಆಗುತ್ತದೆ, ಆದರೆ ಎರಡೂ ಮುಚ್ಚಳ ತೆಗೆದ ಲೆನ್ಸು ಬಿಸಿಲಿನಲ್ಲಿ ಭೂತಗನ್ನಡಿಯೇ ಆಗಿ ಹಿಂದಿರುವ ಬಟ್ಟೆಗೋ ಕಾಗದಕ್ಕೋ ಬೆಂಕಿ ಹೊತ್ತಿಸಬಲ್ಲದು, ಗ್ರೀಸೂ ಕರಗಿ ಬ್ಲೇಡುಗಳಿಗೆ ಇಳಿಯುತ್ತದೆ.

ಉಳಿದ ದೋಷಗಳನ್ನು ಫಂಗಸ್‌ನ ಪಕ್ಕದಲ್ಲಿಟ್ಟರೆ

ಮುಂದಿನ ಗಾಜಿನ ಗೀರು ಕಣ್ಣಿಗೆ ಎಷ್ಟು ಕೆಟ್ಟದಾಗಿ ಕಾಣುತ್ತದೆಯೋ ಚಿತ್ರಕ್ಕೆ ಅಷ್ಟೇ ನಿರುಪದ್ರವಿ. ಅದು ಫೋಕಸ್ ಆಗುವ ದೂರಕ್ಕಿಂತ ತೀರ ಹತ್ತಿರದಲ್ಲಿರುವುದರಿಂದ ಅದರ ಆಕಾರ ಚಿತ್ರದಲ್ಲಿ ಮೂಡುವುದಿಲ್ಲ. ಎದುರು ಬೆಳಕು ಬಿದ್ದಾಗ ಸ್ವಲ್ಪ ಚದುರುವಿಕೆ ಮಾತ್ರ ಇರುತ್ತದೆ. ಆಳವಾದ ಗೀರಾದರೆ ಅದರೊಳಕ್ಕೆ ಕಪ್ಪು ಇಂಕನ್ನು ಸೂಜಿಮೊನೆಯಿಂದ ತುಂಬಿ ಬೆಳಕು ಚದುರದಂತೆ ಮಾಡುವ ಹಳೆಯ ಉಪಾಯ ಇಂದಿಗೂ ನಡೆಯುತ್ತದೆ. ಹಿಂದಿನ ಗಾಜಿನ ಗೀರು ಬೇರೆ ವಿಷಯ. ಅಲ್ಲಿ ಒಂದೊಂದು ಬಿಂದುವಿನ ಬೆಳಕೂ ಕಿರಿದಾದ ಶಂಕುವಾಗಿ ಹಾದುಹೋಗುವುದರಿಂದ ಸಣ್ಣ ಗೀರೂ ದೊಡ್ಡ ಪಾಲನ್ನು ಕೆಡಿಸುತ್ತದೆ. ಮುಂದೆ ಒಂದು ಸೆಂಟಿಮೀಟರ್ ಗೀರಿರುವ ಲೆನ್ಸಿಗೂ ಹಿಂದೆ ಎರಡು ಮಿಲಿಮೀಟರ್ ಗೀರಿರುವ ಲೆನ್ಸಿಗೂ ಒಂದೇ ಬೆಲೆಯಿದ್ದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಒಳಗಿನ ಧೂಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಕಾಗಿಲ್ಲ.

ಬ್ಲೇಡುಗಳ ಮೇಲಿನ ಎಣ್ಣೆಯನ್ನು ಅಳೆಯುವಾಗ ಲೆನ್ಸಿನ ಯಾಂತ್ರಿಕತೆಯನ್ನು ನೋಡಬೇಕು. ನಿಕಾನ್‌ನ 55 ಮಿ.ಮೀ. ಎಫ್/2.8 ಮೈಕ್ರೋ ನಿಕ್ಕೋರ್‌ಗೆ ಈ ರೋಗ ಹುಟ್ಟಿನಿಂದಲೇ ಬಂದಂತಿದೆ. ಅದರಲ್ಲಿ ಬ್ಲೇಡುಗಳು ಶಟರ್ ಒತ್ತಿದ ಕ್ಷಣದಲ್ಲಿ ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಳ್ಳಬೇಕಾದ್ದರಿಂದ ಎಣ್ಣೆ ಹಿಡಿದರೆ ನಿಧಾನವಾಗಿ, ಚಿತ್ರಗಳು ಅತಿಯಾಗಿ ಬೆಳಕು ಪಡೆದು ಬೆಳ್ಳಗಾಗುತ್ತವೆ. ಹೀಲಿಯೋಸ್ 44-2ರಲ್ಲಿ ಬ್ಲೇಡುಗಳನ್ನು ತಿರುಗಿಸುವುದು ನಮ್ಮ ಕೈಯೇ, ಸ್ಪ್ರಿಂಗಿನ ಆತುರ ಅಲ್ಲಿಲ್ಲ. ಆದ್ದರಿಂದ ಅದೇ ಎಣ್ಣೆ ಅಲ್ಲಿ ಬಹುಕಾಲ ನಿರುಪದ್ರವಿಯಾಗಿ ಕುಳಿತಿರುತ್ತದೆ. ಕೊನೆಗೊಮ್ಮೆ ಅದು ಆವಿಯಾಗಿ ಗಾಜಿನ ಮೇಲೆ ಮಸುಕಾಗುವ ಸಂಭವ ಇರುವುದರಿಂದ ಪೂರ್ತಿ ಮರೆಯುವಂತೆಯೂ ಇಲ್ಲ.

ಮಸುಕಿನ ತೊಂದರೆಯೆಂದರೆ ಅದರ ಗುಣ ಬಿಚ್ಚುವವರೆಗೆ ತಿಳಿಯುವುದಿಲ್ಲ. ಎಣ್ಣೆಯ ಆವಿಯಿಂದಾದ ಮಸುಕು ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಗಾಜಿನ ಮೈಯೇ ಕೆಟ್ಟಿದ್ದರೆ ಎಷ್ಟು ಒರೆಸಿದರೂ ಹೋಗುವುದಿಲ್ಲ, ಮತ್ತು ಹೊರಗಿನಿಂದ ಎರಡೂ ಒಂದೇ ಬಗೆಯಲ್ಲಿ ಕಾಣುತ್ತವೆ. ಎಳೆ ಎಳೆಯಾದ ಫಂಗಸ್‌ಗೆ ನಾನು ಹಣ ಕೊಡುತ್ತೇನೆ, ಸಮನಾದ ಮಸುಕಿಗೆ ಕೊಡುವುದಿಲ್ಲ ಎಂಬುದಕ್ಕೆ ಇದೇ ಕಾರಣ.

ಎಲ್ಲಕ್ಕಿಂತ ಮೋಸದ ದೋಷ ಗಾಜೊಂದು ಅಕ್ಷ ತಪ್ಪಿ ಕೂತಿರುವುದು. ಲೆನ್ಸು ಒಮ್ಮೆ ಕೆಳಗೆ ಬಿದ್ದಿರಬಹುದು ಅಥವಾ ಯಾರೋ ಫಂಗಸ್ ತೆಗೆಯಲೆಂದು ಬಿಚ್ಚಿ ಸರಿಯಾಗಿ ಜೋಡಿಸದೆ ಇದ್ದಿರಬಹುದು. ಟಾರ್ಚಿಗೆ ಅದು ಕಾಣುವುದೇ ಇಲ್ಲ. ನಮ್ಮ ಕಡೆಯ ಗಿಲಾವು ಮಾಡದ ಕೆಂಪುಕಲ್ಲಿನ ಗೋಡೆ ಇದರ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಗೋಡೆಗೆ ಸಮಾನಾಂತರವಾಗಿ ನಿಂತು, ಅಪರ್ಚರನ್ನು ಪೂರ್ತಿ ತೆರೆದು, ಕಲ್ಲಿನ ಸಾಲುಗಳು ನಾಲ್ಕೂ ಮೂಲೆಗೆ ಬರುವಂತೆ ಒಂದು ಚಿತ್ರ ತೆಗೆಯಬೇಕು. ಆಮೇಲೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಂದು ತೆಗೆಯಬೇಕು. ಮಸುಕಾದ ಮೂಲೆ ಎರಡು ಸಲವೂ ಗೋಡೆಯ ಅದೇ ಜಾಗದಲ್ಲಿದ್ದರೆ ನಾವು ಓರೆಯಾಗಿ ನಿಂತಿದ್ದೇವೆ. ಕ್ಯಾಮೆರಾದ ಜೊತೆಗೇ ತಿರುಗಿ ಗೋಡೆಯ ಎದುರು ಮೂಲೆಗೆ ಹೋಗಿದ್ದರೆ ತಪ್ಪು ಲೆನ್ಸಿನದು. ಜೂಮ್ ಲೆನ್ಸುಗಳಲ್ಲಿ ಈ ಪರೀಕ್ಷೆಯನ್ನು ತಪ್ಪಿಸಬಾರದು.

ಆಟೋಫೋಕಸ್ ಲೆನ್ಸುಗಳಲ್ಲಿ ಗಾಜಿಗಿಂತ ವಿದ್ಯುತ್ ಭಾಗಗಳು ಮೊದಲು ಕೈಕೊಡುತ್ತವೆ. ಕ್ಯಾನನ್‌ನ 50 ಮಿ.ಮೀ. ಎಫ್/1.4 ಯುಎಸ್ಎಂ ಲೆನ್ಸಿನ ಮುಂದೆ ಚಾಚುವ ಕೊಳವೆಗೆ ಸಣ್ಣ ಪೆಟ್ಟು ಬಿದ್ದರೂ ಫೋಕಸ್ ಸಿಕ್ಕಿಹಾಕಿಕೊಳ್ಳುತ್ತದೆ. ಅದೇ ಕಂಪನಿಯ 24-105 ಮಿ.ಮೀ. ಎಫ್/4 ಎಲ್ ಲೆನ್ಸಿನ ಮೊದಲ ಆವೃತ್ತಿಯಲ್ಲಿ ಅಪರ್ಚರಿಗೆ ಹೋಗುವ ತೆಳು ಕೇಬಲ್ ಕಡಿದು ಕ್ಯಾಮೆರಾದಲ್ಲಿ ಎರರ್ 01 ಎಂಬ ಸೂಚನೆ ಬರುವುದು ಪ್ರಸಿದ್ಧವಾದ ದೋಷ. ತೆರೆದ ಅಪರ್ಚರಿನಲ್ಲಿ ಅದು ತೋರದಿರಬಹುದು, ಆದ್ದರಿಂದ ಎಫ್/11ಕ್ಕಿಟ್ಟು ಜೂಮಿನ ಎಲ್ಲ ಹಂತಗಳಲ್ಲೂ ಶಟರ್ ಒತ್ತಿ ನೋಡಬೇಕು. ನಿಕಾನ್‌ನ ಬಹುತೇಕ ಡಿ ಲೆನ್ಸುಗಳಲ್ಲಿ ಮೋಟಾರೇ ಇಲ್ಲದ ಕಾರಣ ಕೆಡುವ ಭಯವಿಲ್ಲ, ಆದರೆ ಡಿ3500, ಡಿ5600ರಂಥ ಕ್ಯಾಮೆರಾಗಳಲ್ಲಿ ಅವಕ್ಕೆ ಆಟೋಫೋಕಸ್ ಇಲ್ಲ. ಕೈನಡುಕವನ್ನು ಸರಿದೂಗಿಸುವ ಸ್ಥಿರೀಕರಣವಿರುವ ಲೆನ್ಸನ್ನು ಅಲುಗಾಡಿಸಿದಾಗ ಒಳಗೆ ಲೊಟಲೊಟ ಸದ್ದಾಗುವುದು ಸಹಜ.

ತಾನೇ ಶುಚಿ ಮಾಡುವುದೋ, ರಿಪೇರಿಯವರಿಗೆ ಕೊಡುವುದೋ, ಹಾಗೆಯೇ ಬಿಡುವುದೋ

ಹಾಗೆಯೇ ಬಿಡುವುದು ಸೋಮಾರಿತನವಲ್ಲ, ಅನೇಕ ಸಲ ಅದೇ ಸರಿಯಾದ ಆಯ್ಕೆ. ಅಂಚಿನಲ್ಲಿ ನಾಲ್ಕೈದು ಎಳೆ ಮಾತ್ರ ಇದ್ದು, ಲೆನ್ಸು ಈಚಿನ ಆಟೋಫೋಕಸ್ ಜೂಮ್ ಆಗಿದ್ದರೆ, ಅದನ್ನು ಒಣಗಿದ ಜಾಗದಲ್ಲಿಟ್ಟು ಬೆಳವಣಿಗೆಯನ್ನು ನಿಲ್ಲಿಸಿದರೆ ಸಾಕು. ಅಂಥ ಲೆನ್ಸುಗಳಲ್ಲಿ ಕಾರ್ಖಾನೆಯವರು ಕೂದಲೆಳೆಯಷ್ಟು ದಪ್ಪದ ತಗಡಿನ ಬಿಲ್ಲೆಗಳನ್ನಿಟ್ಟು ಗಾಜುಗಳನ್ನು ಅಕ್ಷಕ್ಕೆ ಕೂರಿಸಿರುತ್ತಾರೆ. ಒಮ್ಮೆ ಬಿಚ್ಚಿದರೆ ಆ ಸ್ಥಾನ ಮನೆಯಲ್ಲಿ ಮರಳಿ ಸಿಗುವುದಿಲ್ಲ. ಚಿತ್ರದಲ್ಲಿ ಕಾಣದ ಫಂಗಸನ್ನು ತೆಗೆಯಲು ಹೋಗಿ ಚಿತ್ರದಲ್ಲಿ ಕಾಣುವ ದೋಷವನ್ನು ತಂದುಕೊಂಡವರನ್ನು ಬಲ್ಲೆ.

ರಿಪೇರಿಯವರಿಗೆ ಕೊಡುವಾಗ ಮೊದಲೇ ಒಂದು ಮಾತು ಕೇಳಿಕೊಳ್ಳಬೇಕು: ಗಾಜನ್ನು ಶುಚಿ ಮಾಡುತ್ತಾರೋ, ಒಟ್ಟಿಗೆ ಜೋಡಿಸಿದ ಗಾಜುಗಳ ಇಡೀ ಗ್ರೂಪನ್ನೇ ಬದಲಿಸುತ್ತಾರೋ? ಕಂಪನಿಗಳ ವಾರಂಟಿ ಸಾಮಾನ್ಯವಾಗಿ ಫಂಗಸನ್ನು ಒಳಗೊಳ್ಳುವುದಿಲ್ಲ, ಗ್ರೂಪ್ ಬದಲಿಸಿದರೆ ಬಿಲ್ಲು ಹಳೆಯ ಲೆನ್ಸಿನ ಬೆಲೆಯನ್ನೇ ಮೀರಬಹುದು. ಊರಿನ ಹಳೆಯ ಕ್ಯಾಮೆರಾ ಮೆಕ್ಯಾನಿಕ್ಕುಗಳು ಶುಚಿ ಮಾಡುತ್ತಾರೆ. ಅವರಲ್ಲಿ ಕೈ ಸೂಕ್ಷ್ಮವಾಗಿರುವವರೂ ಇದ್ದಾರೆ, ಸ್ಕ್ರೂಗಳ ತಲೆ ಸವೆಸಿ ಕಳಿಸುವವರೂ ಇದ್ದಾರೆ. ಕೊಡುವ ಮೊದಲೂ ತಂದ ಮೇಲೂ ಕೆಂಪುಕಲ್ಲಿನ ಗೋಡೆಯ ಚಿತ್ರ ತೆಗೆದಿಟ್ಟುಕೊಂಡರೆ ವಾದಕ್ಕೆ ಅವಕಾಶವಿರುವುದಿಲ್ಲ.

ತಾನೇ ಮಾಡುವುದಕ್ಕೆ ಹೇಳಿ ಮಾಡಿಸಿದಂಥವು ಕೈಯಿಂದ ಫೋಕಸ್ ಮಾಡುವ ಹಳೆಯ ಲೋಹದ ಲೆನ್ಸುಗಳು. ಗಾಜನ್ನು ಹಿಡಿದಿರುವ ಬಳೆಯಲ್ಲಿ ಎದುರುಬದುರಾಗಿ ಎರಡು ಕಚ್ಚುಗಳಿರುತ್ತವೆ; ಅವಕ್ಕೆ ಸರಿಹೊಂದುವ ಎರಡು ಮೊನೆಯ ಸ್ಪ್ಯಾನರ್ ಬೇಕು, ಕತ್ತರಿಯ ತುದಿಯಿಂದ ತಿರುಗಿಸಲು ಹೋದರೆ ಜಾರಿ ಗಾಜಿಗೇ ಗೀರು ಬೀಳುವುದು ಖಂಡಿತ. ಜಪಾನಿನ ಲೆನ್ಸುಗಳ ಸ್ಕ್ರೂಗಳಿಗೆ ಅಲ್ಲಿನ ಮಾನಕವಾದ ಜೆಐಎಸ್ ಗುರುತಿನ ಸ್ಕ್ರೂಡ್ರೈವರನ್ನೇ ಬಳಸಬೇಕು. ಫಂಗಸ್‌ಗೆ ಬಹುಕಾಲದಿಂದ ಬಳಕೆಯಲ್ಲಿರುವ ದ್ರಾವಣವೆಂದರೆ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಮನೆಬಳಕೆಯ ಅಮೋನಿಯಾ ಸಮಪಾಲಿನ ಮಿಶ್ರಣ. ಅದನ್ನು ಆಗಿಂದಾಗಲೇ ಬೆರೆಸಿ, ಹತ್ತಿಯಿಂದ ಹಚ್ಚಿ, ಕೆಲವೇ ನಿಮಿಷಗಳಲ್ಲಿ ಒರೆಸಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಗಾಜನ್ನು ಮುಗಿಸಬೇಕು. ಮಿಶ್ರಣವನ್ನು ಬಾಟಲಿಯಲ್ಲಿ ಮುಚ್ಚಿಡಬಾರದು, ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಬಟ್ಟೆ ಬಿಳುಪಿಸುವ ಬ್ಲೀಚನ್ನು ಅಮೋನಿಯಾದ ಹತ್ತಿರಕ್ಕೂ ತರಬಾರದು, ಅವೆರಡೂ ಸೇರಿದರೆ ವಿಷಾನಿಲ ಏಳುತ್ತದೆ. ಅಸಿಟೋನ್ ಪ್ಲಾಸ್ಟಿಕ್ಕನ್ನೂ ಅಂಚಿನ ಕಪ್ಪು ಬಣ್ಣವನ್ನೂ ಕರಗಿಸುವುದರಿಂದ ಅದರ ಸಹವಾಸವೂ ಬೇಡ.

ನನ್ನ ಮೊದಲ ಹೀಲಿಯೋಸನ್ನು ಬಿಚ್ಚಿದ ದಿನ ಗಾಜುಗಳೆಲ್ಲ ಚೆನ್ನಾಗಿಯೇ ಶುಚಿಯಾದವು. ಉತ್ಸಾಹದಲ್ಲಿ ಹಳೆಯ ಗ್ರೀಸನ್ನೂ ತೆಗೆಯೋಣವೆಂದು ಫೋಕಸ್ಸಿನ ಮರೆ (ತಿರುಪಿನ ಥ್ರೆಡ್) ತಿರುಗಿಸುತ್ತಾ ಹೋದೆ. ಎರಡು ಕೊಳವೆಗಳು ಬೇರೆಯಾಗಿ ಕೈಗೆ ಬಂದ ಕ್ಷಣದಲ್ಲಿ, ಅವು ಯಾವ ಜಾಗದಲ್ಲಿ ಬಿಟ್ಟುಕೊಂಡವೆಂದು ಗುರುತು ಹಾಕಿಕೊಂಡಿಲ್ಲವೆಂಬುದು ನೆನಪಾಯಿತು. ಆ ಮರೆಗೆ ಹಲವು ಬಾಯಿಗಳು, ಅಂದರೆ ಕಚ್ಚಿಕೊಳ್ಳಲು ಆರಂಭಿಸುವ ಜಾಗಗಳು, ಇರುತ್ತವೆ, ಸರಿಯಾದ ಬಾಯಿ ಒಂದೇ. ತಪ್ಪು ಬಾಯಿಯಲ್ಲಿ ಕೂರಿಸಿದ ಲೆನ್ಸು ನುಣ್ಣಗೆ ತಿರುಗುತ್ತದೆ, ಆದರೆ ದೂರದ ಗುಡ್ಡ ಎಂದಿಗೂ ಸ್ಪಷ್ಟವಾಗುವುದಿಲ್ಲ. ಎರಡು ಸಂಜೆ ಒಂದೊಂದೇ ಬಾಯಿಯನ್ನು ಪರೀಕ್ಷಿಸಿ ಸರಿಪಡಿಸಿದೆ. ಈಗ ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತೇನೆ, ಕೊಳವೆಗಳ ಮೇಲೆ ಸೂಜಿಯಿಂದ ಗೆರೆ ಎಳೆಯುತ್ತೇನೆ, ಮೇಲಕ್ಕೆ ಉಬ್ಬಿದ ಗಾಜಿನ ಮುಖ ಯಾವ ಕಡೆಗಿತ್ತೆಂದು ಬರೆದಿಡುತ್ತೇನೆ.

ಬೆಲೆ

ಲೆಕ್ಕ ಸರಳ. ಅದೇ ಲೆನ್ಸಿನ ನಿರ್ದೋಷ ಪ್ರತಿಗೆ ಎಷ್ಟು ಬೆಲೆಯೆಂದು ತಿಳಿದು, ಅದರಿಂದ ಶುಚಿ ಮಾಡಿಸುವ ಖರ್ಚನ್ನು ಕಳೆದು, ಗುರುತು ಉಳಿದುಬಿಡುವ ಅಪಾಯಕ್ಕೆಂದು ಇನ್ನಷ್ಟು ಕಳೆಯಬೇಕು. ನಿರ್ದೋಷ ಪ್ರತಿ 8,000 ರೂಪಾಯಿ, ಶುಚಿಗೆ 2,000 ಎಂದಿಟ್ಟುಕೊಂಡರೆ ಎಳೆಯ ಫಂಗಸ್ ಇರುವುದಕ್ಕೆ 4,500ಕ್ಕಿಂತ ಹೆಚ್ಚು ಕೊಡಲು ನನಗೆ ಮನಸ್ಸಿಲ್ಲ. 7,000ಕ್ಕೆ ಕೊಳ್ಳುವುದಕ್ಕಿಂತ ಇನ್ನೊಂದು ಸಾವಿರ ಕೂಡಿಸಿ ಒಳ್ಳೆಯದನ್ನೇ ತರುವುದು ಮೇಲು. ಎಲ್ಲಿಯೂ ಹೇರಳವಾಗಿ ಸಿಗುವ ಕ್ಯಾನನ್ 50 ಮಿ.ಮೀ. ಎಫ್/1.8ರಂಥ ಲೆನ್ಸಿಗಾದರೆ ಈ ಲೆಕ್ಕವನ್ನೂ ಮಾಡಬೇಕಾಗಿಲ್ಲ, ದೋಷವಿದ್ದರೆ ಇನ್ನೊಂದನ್ನು ಹುಡುಕಿದರಾಯಿತು. ಜಪಾನಿನಿಂದ ತರಿಸುವವರು ಜಾಹೀರಾತಿನ ತಲೆಬರಹದಲ್ಲಿ ಹೊಸದರಂತಿದೆ ಎಂಬರ್ಥದ “ಮಿಂಟ್” ಪದವನ್ನು ಬಿಟ್ಟು ಕೆಳಗಿನ ಸಣ್ಣ ಅಕ್ಷರದ ವಿವರವನ್ನು ಓದಬೇಕು, ಏಕೆಂದರೆ “ಅಲ್ಪ ಫಂಗಸ್, ಚಿತ್ರಕ್ಕೆ ತೊಂದರೆಯಿಲ್ಲ” ಎಂಬ ಸಾಲು ಅಲ್ಲಿರುತ್ತದೆ. ಕಸ್ಟಮ್ಸ್ ಸುಂಕವನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು.

ತಂದ ಮೇಲೆ ಇಡುವ ಜಾಗ

ಲೆನ್ಸಿನ ಜೊತೆ ಬರುವ ಚರ್ಮದ ಕೇಸನ್ನು ಮೊದಲು ದೂರವಿಡಬೇಕು. ತೇವ ಹೀರಿ ಹಿಡಿದಿಡುವುದರಲ್ಲಿ ಅದನ್ನು ಮೀರಿಸುವ ವಸ್ತುವಿಲ್ಲ. ಗುರಿ ಶೇ 40ರಿಂದ 50ರ ತೇವಾಂಶ. ಶೇ 30ಕ್ಕಿಂತ ಕೆಳಗಿಳಿಸುವ ಅಗತ್ಯವಿಲ್ಲ. ಇದಕ್ಕೆ ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಅತ್ಯಂತ ನೆಮ್ಮದಿಯ ದಾರಿ, ಆದರೆ ಐದಾರು ಲೆನ್ಸುಗಳಾದರೂ ಇಲ್ಲದೆ ಅದರ ಬೆಲೆಗೆ ಅರ್ಥವಿಲ್ಲ, ಮತ್ತು ಮಲೆನಾಡಿನಲ್ಲಿ ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಹೋದಾಗ ಅದು ಬಾಗಿಲು ಬಿಗಿಯಾದ ಬೀರು ಮಾತ್ರ. ಬೀರುವಿನಲ್ಲಿ ಜೀರೋ ಬಲ್ಬ್ ಉರಿಸಿಡುವ ಹಳೆಯ ಪದ್ಧತಿಯಲ್ಲಿ ಹುರುಳಿದೆ: ಒಳಗಿನ ಗಾಳಿ ಕೆಲವು ಡಿಗ್ರಿ ಬಿಸಿಯಾದರೆ ಅದರ ಸಾಪೇಕ್ಷ ತೇವಾಂಶ ಇಳಿಯುತ್ತದೆ. ಆದರೆ ಎಷ್ಟು ಇಳಿಯಿತೆಂಬುದಕ್ಕೆ ಹಿಡಿತವಿಲ್ಲ, ಬಲ್ಬಿನ ಹತ್ತಿರದ ಲೆನ್ಸಿನ ಗ್ರೀಸು ಹರಿಯಲೂಬಹುದು. ಅಕ್ಕಿಯ ಡಬ್ಬದಲ್ಲಿ ಹುಗಿದಿಡುವುದರಿಂದ ಲೆನ್ಸಿಗೆ ಅಕ್ಕಿಯ ಹುಡಿ ಸೇರಿ ಫಂಗಸ್‌ಗೆ ಊಟ ಬಡಿಸಿದಂತಾಗುತ್ತದೆ.

ನಾಲ್ಕು ಲೆನ್ಸುಗಳವರೆಗೆ ನಾನು ಒಪ್ಪುವುದು ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ತೇವಾಂಶ ಅಳೆಯುವ ಒಂದು ಅಗ್ಗದ ಹೈಗ್ರೋಮೀಟರ್ ಮತ್ತು ತೇವ ಹೀರುವ ಸಿಲಿಕಾ ಜೆಲ್. ಬಣ್ಣ ಬದಲಿಸುವ ಜೆಲ್ಲಿನಲ್ಲಿ ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣವಿರುವುದರಿಂದ ಕಿತ್ತಳೆಯಿಂದ ಹಸಿರಿಗೆ ತಿರುಗುವುದನ್ನು ಕೊಳ್ಳುವುದು ಮೇಲು. ತೇವ ಕುಡಿದ ಜೆಲ್ಲನ್ನು ಅಡುಗೆಗೆ ಬಳಸದ ಬಾಣಲೆಯಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬಣ್ಣ ಮರಳುವವರೆಗೆ ಬಿಸಿ ಮಾಡಿ, ತಣಿದ ಮೇಲೆ ಡಬ್ಬಕ್ಕೆ ಹಾಕಬೇಕು; ಉರಿ ಜೋರಾದರೆ ಕಾಳುಗಳು ಕಪ್ಪಾಗಿ ಕೆಲಸಕ್ಕೆ ಬಾರದಾಗುತ್ತವೆ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಡಬ್ಬವನ್ನು ದಿನಾ ತೆರೆಯುವವರಿಗೆ ಈ ಕೆಲಸ ವಾರಕ್ಕೊಮ್ಮೆ ಬರುತ್ತದೆ, ತೆರೆಯದೆ ಇದ್ದವರಿಗೆ ತಿಂಗಳಿಗೊಮ್ಮೆ. ಅಕ್ಟೋಬರಿನಲ್ಲಿ ಬಿಸಿಲು ಬಿದ್ದ ಮೊದಲ ವಾರ ಎಲ್ಲ ಲೆನ್ಸುಗಳನ್ನೂ ಹೊರತೆಗೆದು, ಫೋಕಸ್ ರಿಂಗುಗಳನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಮತ್ತೆ ಟಾರ್ಚ್ ಹಿಡಿದು ನೋಡಬೇಕು. ಹೊಸ ಎಳೆ ಕಂಡರೆ ಅದು ಆ ಮಳೆಗಾಲದ್ದೇ ಆಗಿರುವುದರಿಂದ ಲೇಪನವನ್ನು ಕೊರೆಯುವ ಮೊದಲೇ ಒರೆಸಿಬಿಡಲು ಸಮಯವಿರುತ್ತದೆ.